ಕೆಮ್ಮು ಸುಮ್ಮನಿದ್ದ ಹೊತ್ತು

ಹಾಸಿಗೆ ಮಾಸ್ಟರು ಬೀದಿಯ ತಿರುವಿಗೆ ಬಂದರೆಂಬುದು ಮನೆಯವರಿಗೆ ಕಾಣುವ ಮೊದಲೇ ಕೇಳುತ್ತಿತ್ತು. ಮೊದಲು ಒಂದು ಒಣ ಕೆಮ್ಮು, ಅದರ ಬೆನ್ನಿಗೆ ಇನ್ನು ನಾಲ್ಕು, ಕೊನೆಗೆ ಗಂಟಲು ಕೆರೆದುಕೊಳ್ಳುವ ಸದ್ದು. ಹೆಂಡತಿ ಚಹಾಕ್ಕೆ ನೀರಿಡುತ್ತಿದ್ದುದು ಗಡಿಯಾರ ನೋಡಿ ಅಲ್ಲ, ಈ ಕೆಮ್ಮು ಕೇಳಿ. ಮೂವತ್ತನಾಲ್ಕು ವರ್ಷ ಹತ್ತಿ ಹಿಂಜಿ, ತುಂಬಿ, ಹೊಲಿದ ಮನುಷ್ಯ. ಅಂಗಡಿಯ ಹಿಂಬದಿಯ ಕೋಣೆಯಲ್ಲಿ ಹಿಂಜುವ ಯಂತ್ರ ತಿರುಗತೊಡಗಿತೆಂದರೆ ಹತ್ತಿಯ ಧೂಳು ಎದ್ದು ಹುಬ್ಬು, ರೆಪ್ಪೆ, ಮೀಸೆ ಎಲ್ಲದರ ಮೇಲೂ ಕೂತು, ಸಂಜೆಯ ಹೊತ್ತಿಗೆ ಅವರ ವಯಸ್ಸು ಹತ್ತು ವರ್ಷ ಏರಿರುತ್ತಿತ್ತು. ಮುಖ ತೊಳೆದ ಮೇಲೆ ಆ ಹತ್ತು ವರ್ಷ ಇಳಿಯುತ್ತಿತ್ತು. ಎದೆಯೊಳಗೆ ಹೋದ ಧೂಳು ಮಾತ್ರ ಯಾವ ನೀರಿಗೂ ಬಗ್ಗಲಿಲ್ಲ.

ಈ ಕೆಮ್ಮಿನ ದೆಸೆಯಿಂದ ಅವರು ಎಲ್ಲಿ ಹೋದರೂ ಬಾಗಿಲ ಪಕ್ಕದ ಕುರ್ಚಿಯನ್ನೇ ಹುಡುಕುತ್ತಿದ್ದರು. ಮಗಳಿಗೆ ಕಾಲೇಜಿನಲ್ಲಿ ಬಹುಮಾನ ಕೊಟ್ಟಾಗ ಸಭಾಂಗಣದ ಹೊರಗೆ ಕಿಟಕಿಯ ಸರಳು ಹಿಡಿದು ನಿಂತು ನೋಡಿದ್ದರು. ಕೆಮ್ಮನ್ನು ಅದುಮಿಡುವ ವಿದ್ಯೆಯಲ್ಲಿ ಅವರನ್ನು ಮೀರಿಸುವವರಿರಲಿಲ್ಲ. ಕರ್ಚೀಫನ್ನು ಬಾಯಿಗೆ ತುರುಕುವುದು, ನಾಲಿಗೆ ಕಚ್ಚಿಕೊಳ್ಳುವುದು, ಉಸಿರು ಹಿಡಿದು ಇಪ್ಪತ್ತರವರೆಗೆ ಎಣಿಸುವುದು. ಹದಿನೆಂಟಕ್ಕೋ ಹತ್ತೊಂಬತ್ತಕ್ಕೋ ಅದು ಹೇಗೋ ನುಸುಳಿ ಬಂದೇ ಬರುತ್ತಿತ್ತು. ಮುಂದಿನ ಸಾಲಿನವರು ತಿರುಗಿ ನೋಡುತ್ತಿದ್ದರು. ಮಾಸ್ಟರು ಎದ್ದು ಹೊರಗೆ ನಡೆಯುತ್ತಿದ್ದರು.

ಒಂದು ಮಂಗಳವಾರ ಬೆಳಿಗ್ಗೆ ಗಿರಾಕಿಯ ಗಾಡಿಗೆ ಜೋಡಿ ಹಾಸಿಗೆಯೊಂದನ್ನು ಎತ್ತಿ ಹಾಕುತ್ತಿದ್ದಾಗ ಬಲಗಡೆಯ ಪಕ್ಕೆಯೊಳಗೆ ಏನೋ ಪಟ್ಟೆಂದ ಹಾಗಾಯಿತು. ಅವರು ಅಲ್ಲೇ ಮೆಟ್ಟಿಲ ಮೇಲೆ ಕೂತುಬಿಟ್ಟರು. ಎಳೆದುಕೊಂಡ ಉಸಿರು ಅರ್ಧ ದಾರಿಗೇ ನಿಲ್ಲುತ್ತಿತ್ತು. ಅಂಗಡಿಯ ಹೊಲಿಗೆ ಯಂತ್ರದ ಮುಂದೆ ಕೂತಿದ್ದ ಮಗಳು ತಲೆಯೆತ್ತಿ ನೋಡಿದಳು. ಅಪ್ಪನ ತುಟಿ ನೇರಳೆ ಬಣ್ಣಕ್ಕೆ ತಿರುಗಿತ್ತು. ಎಲ್ಲಕ್ಕಿಂತ ಅವಳಿಗೆ ಹೆದರಿಕೆಯಾದದ್ದು ಇನ್ನೊಂದಕ್ಕೆ: ಅಪ್ಪ ಕೆಮ್ಮುತ್ತಿರಲಿಲ್ಲ. ಕೆಮ್ಮುವುದಕ್ಕೆ ಬೇಕಾದಷ್ಟು ಗಾಳಿಯೇ ಅವರಲ್ಲಿರಲಿಲ್ಲ. ಗಿರಾಕಿಯ ಗಾಡಿಯಲ್ಲೇ, ಅದೇ ಹಾಸಿಗೆಯ ಮೇಲೆ ಅಪ್ಪನನ್ನು ಒರಗಿಸಿಕೊಂಡು ಆಸ್ಪತ್ರೆ ಮುಟ್ಟಿಸಿದಳು.

ಶ್ವಾಸಕೋಶದ ಮೇಲೆ ಗುಳ್ಳೆಯೊಂದು ಒಡೆದು ಗಾಳಿ ಎದೆಗೂಡಿನೊಳಗೆ ಸೋರಿತ್ತು. ಸೋರಿದ ಗಾಳಿ ಒತ್ತಿ ಒತ್ತಿ ಶ್ವಾಸಕೋಶ ಕುಗ್ಗಿ ಮುದುಡಿತ್ತು. ಪಕ್ಕೆಲುಬುಗಳ ನಡುವೆ ಕೊಳವೆ ತೂರಿಸಿ ಅದರ ಇನ್ನೊಂದು ತುದಿಯನ್ನು ನೀರಿನ ಬಾಟಲಿಗೆ ಇಳಿಬಿಟ್ಟರು. ಮಾಸ್ಟರು ಉಸಿರಾಡಿದಾಗೆಲ್ಲ ಬಾಟಲಿಯಲ್ಲಿ ಗುಳುಗುಳು ಎಂದು ಗುಳ್ಳೆ ಏಳುತ್ತಿತ್ತು. ಸೋರುವುದು ನಿಂತರೆ ಗುಳ್ಳೆಯೂ ನಿಲ್ಲುತ್ತದೆ ಎಂದು ವಾರ್ಡಿನ ಸಿಸ್ಟರ್ ಹೇಳಿದ್ದೇ ತಡ, ಹೆಂಡತಿ ಬಾಟಲಿಯ ಮುಂದೆ ಕಣ್ಣಲ್ಲಿ ಕಣ್ಣಿಟ್ಟು ಕೂತಳು. ಒಂದು ದಿನವಲ್ಲ, ಎರಡು ದಿನವಲ್ಲ, ಹತ್ತು ದಿನ. ಗುಳ್ಳೆ ನಿಲ್ಲಲಿಲ್ಲ.

ಹತ್ತನೆಯ ದಿನ ಸರ್ಜನ್ ಬಂದರು. ಎತ್ತರದ ಆಳು, ಮಾತು ಕಡಿಮೆ.

"ತಾನಾಗೇ ಮುಚ್ಚೋ ಹಾಗೆ ಕಾಣ್ತಿಲ್ಲ. ಪಕ್ಕೇಲಿ ಸಣ್ಣ ತೂತು ಮಾಡಿ, ಕ್ಯಾಮೆರಾ ಹಾಕಿ, ಶ್ವಾಸಕೋಶದ ಮೇಲೆ ಒಡೆದಿರೋ ಆ ಗುಳ್ಳೆ ಕತ್ತರಿಸಿ ಪಿನ್ ಹೊಡೆದು ಮುಚ್ಚಬೇಕು."

"ಪೂರ್ತಿ ಪ್ರಜ್ಞೆ ತಪ್ಪಿಸಿಯಾ?" ಮಾಸ್ಟರು ಕೇಳಿದರು.

"ಸಾಮಾನ್ಯವಾಗಿ ಹಾಗೇ. ಗಂಟಲಲ್ಲಿ ನಳಿಕೆ ಇಳಿಸಿ, ಉಸಿರಾಟದ ಯಂತ್ರಕ್ಕೆ ಹಾಕಿ."

ಮಾಸ್ಟರು ಹೊದಿಕೆಯನ್ನು ಗದ್ದದವರೆಗೆ ಎಳೆದುಕೊಂಡರು. "ಬೇಡ ಡಾಕ್ಟ್ರೇ. ಹೀಗೇ ಇದ್ದುಬಿಡ್ತೀನಿ."

ಆರು ವರ್ಷಗಳ ಹಿಂದೆ ಅವರಿಗೆ ಹರ್ನಿಯಾ ಆಪರೇಷನ್ ಆಗಿತ್ತು. ಅರ್ಧ ಗಂಟೆಯ ಕೆಲಸ, ಮೂರನೆಯ ದಿನ ಮನೆ ಎಂದಿದ್ದರು. ಆಪರೇಷನ್ನೇನೋ ಅರ್ಧ ಗಂಟೆಯಲ್ಲೇ ಮುಗಿಯಿತು. ಆದರೆ ಹತ್ತಿ ತುಂಬಿದ ಆ ಎದೆ ಯಂತ್ರದ ರುಚಿ ಹತ್ತಿಸಿಕೊಂಡು, ತಾನಾಗಿ ಉಸಿರಾಡಲು ಒಲ್ಲೆ ಎಂದುಬಿಟ್ಟಿತು. ಹನ್ನೊಂದು ದಿನ ಗಂಟಲಲ್ಲಿ ನಳಿಕೆ. ಕಿತ್ತುಕೊಂಡಾರೆಂದು ಕೈಗಳನ್ನು ಮಂಚದ ಸರಳಿಗೆ ಕಟ್ಟಿದ್ದರು. ಮಾತಿಲ್ಲ, ನೀರಿಲ್ಲ. ಹೆಂಡತಿ ಬಂದಾಗ ಅವಳ ಅಂಗೈ ಮೇಲೆ ಬೆರಳಿನಿಂದ 'ಮನೆ' ಎಂದು ಬರೆಯುತ್ತಿದ್ದರು; ಆಕೆ ಅದನ್ನು ಓದಿ ಮುಖ ತಿರುಗಿಸಿ ಕಣ್ಣೊರೆಸಿಕೊಳ್ಳುತ್ತಿದ್ದಳು. ಬದುಕಿ ಬಂದ ಮೇಲೆ ಮಾಸ್ಟರು ಹೇಳಿದ್ದು ಒಂದೇ ಮಾತು: ಸತ್ತರೂ ಸರಿ, ಆ ನಳಿಕೆ ಇನ್ನೊಮ್ಮೆ ಬೇಡ.

ಸರ್ಜನ್ ಸಿಟ್ಟಾಗಲಿಲ್ಲ. "ನಿಮ್ಮ ಹಳೇ ರಿಪೋರ್ಟು ನೋಡಿದ್ದೀನಿ. ಈ ಸಲ ಶ್ವಾಸಕೋಶ ಇನ್ನೂ ಕೆಟ್ಟಿದೆ. ಯಂತ್ರಕ್ಕೆ ಹಾಕಿದ್ರೆ ತೆಗೆಯೋಕಾಗುತ್ತೋ ಇಲ್ವೋ, ನನಗೂ ಅದೇ ಭಯ. ಅರಿವಳಿಕೆ ಕೊಡೋ ಡಾಕ್ಟ್ರನ್ನ ಕಳಿಸ್ತೀನಿ. ಅವರ ಹತ್ತಿರ ಒಂದು ಉಪಾಯ ಇದೆ. ಕೇಳಿ ನೋಡಿ, ಆಮೇಲೆ ಬೇಡ ಅನ್ನಿ."

ಮಧ್ಯಾಹ್ನ ಅರಿವಳಿಕೆ ವೈದ್ಯೆ ಬಂದರು. ಐವತ್ತರ ಆಸುಪಾಸಿನ ಗಿಡ್ಡನೆಯ ಹೆಂಗಸು, ಕೊರಳಲ್ಲಿ ದಾರಕ್ಕೆ ಕಟ್ಟಿದ ಕನ್ನಡಕ. ಸ್ಟೂಲ್ ಎಳೆದುಕೊಂಡು ಮಾಸ್ಟರ ಮುಖಕ್ಕೆ ಸಮನಾಗಿ ಕೂತರು.

"ಎಷ್ಟು ಮೆಟ್ಟಿಲು ಹತ್ತುತ್ತೀರಿ ಮಾಸ್ಟ್ರೇ, ಒಂದೇ ಉಸಿರಿಗೆ?"

"ಹತ್ತುತ್ತೀನಿ, ಒಂದು ಹತ್ತು..." ಎಂದು ಮಾಸ್ಟರು ಶುರುಮಾಡುವಷ್ಟರಲ್ಲಿ ಹೆಂಡತಿ ಅಡ್ಡ ಬಾಯಿ ಹಾಕಿದಳು. "ಅಂಗಡಿಗೆ ಇರೋದೇ ಎಂಟು ಮೆಟ್ಟಿಲು ಮೇಡಂ. ನಾಲ್ಕನೇದರಲ್ಲಿ ನಿಂತು ಬೀದಿ ನೋಡೋ ಹಾಗೆ ನಟನೆ ಮಾಡ್ತಾರೆ."

ವೈದ್ಯೆ ನಕ್ಕು ಬರೆದುಕೊಂಡರು. ಆಮೇಲೆ ಪೆನ್ನು ಜೇಬಿಗಿಟ್ಟು ಹೇಳಿದರು. "ನಳಿಕೆ ಇಲ್ಲದೆ ಮಾಡಬಹುದು. ಬೆನ್ನಿನ ಹತ್ತಿರ ಇಂಜೆಕ್ಷನ್ ಕೊಟ್ಟು ಆ ಪಕ್ಕೆ ಮರಗಟ್ಟಿಸ್ತೀನಿ, ಕುಯ್ದರೂ ಗೊತ್ತಾಗಲ್ಲ. ಸ್ವಲ್ಪ ಜೋಂಪು ಹತ್ತೋ ಔಷಧಿ. ಮೂಗಿಗೆ ಬಾಯಿಗೆ ಆಕ್ಸಿಜನ್ ಮಾಸ್ಕು. ಉಸಿರು ಮಾತ್ರ ನಿಮ್ಮದೇ, ನೀವೇ ಆಡ್ತಿರ್ತೀರಿ."

"ಹಾಗಿದ್ರೆ ಎಲ್ಲರಿಗೂ ಹಾಗೇ ಮಾಡಬಹುದಲ್ಲ. ತೊಂದರೆ ಏನು?" ಎಂದರು ಮಾಸ್ಟರು.

"ತೊಂದರೆ ಅಂದ್ರೆ ಕೆಮ್ಮು. ಶ್ವಾಸಕೋಶ ಮುಟ್ಟಿದ್ರೆ ಸಾಕು, ಎಂಥವರಿಗೂ ಕೆಮ್ಮು ಬರುತ್ತೆ. ಕೆಮ್ಮಿದ್ರೆ ಅದು ಎಗರುತ್ತೆ. ಹಿಡಿದಿರೋ ಡಾಕ್ಟ್ರ ಕೈಯಲ್ಲಿ ಕತ್ತರಿ ಇರುತ್ತೆ. ಹೊಲಿಗೆ ಯಂತ್ರ ಓಡ್ತಿರೋವಾಗ ಯಾರಾದ್ರೂ ಬಟ್ಟೆ ಜಗ್ಗಿದ್ರೆ ಏನಾಗುತ್ತೆ?"

"ಸೂಜಿ ಮುರಿಯುತ್ತೆ."

"ಇಲ್ಲಿ ಸೂಜಿ ಮುರಿಯೋದಿಲ್ಲ. ಒಳಗೆ ದೊಡ್ಡ ರಕ್ತನಾಳ ಇದೆ, ಅದು ಹರಿಯುತ್ತೆ."

ಬಾಟಲಿ ಗುಳುಗುಳು ಎನ್ನುತ್ತಿತ್ತು. "ನಾನು ಅದುಮಿಟ್ಕೋತೀನಿ ಡಾಕ್ಟ್ರೇ," ಎಂದರು ಮಾಸ್ಟರು. "ನನಗೆ ಅಭ್ಯಾಸ ಇದೆ. ಇಪ್ಪತ್ತರವರೆಗೆ ಎಣಿಸ್ತೀನಿ."

ವೈದ್ಯೆ ಅವರನ್ನೇ ನೋಡಿದರು. ಆ ನೋಟದಲ್ಲಿ ನಗೆಯಿರಲಿಲ್ಲ.

"ನೀವು ಅದುಮೋದು ಗಂಟಲಲ್ಲಿ. ಈ ಕೆಮ್ಮು ಹುಟ್ಟೋದು ಅದಕ್ಕಿಂತ ಕೆಳಗೆ. ಶ್ವಾಸಕೋಶದಿಂದ ತಲೆವರೆಗೆ ಒಂದು ನರ ಹೋಗುತ್ತೆ. ಯಾರೋ ಮುಟ್ಟಿದ್ರು, ಕೆಮ್ಮು ಅಂತ ಚಾಡಿ ಹೇಳೋದು ಅದೇ. ಕ್ಯಾಮೆರಾದಲ್ಲಿ ಆ ನರ ನೋಡಿಕೊಂಡು ಅದರ ಬದಿಗೆ ಅರ್ಧ ಚಮಚದಷ್ಟು ಔಷಧಿ ಬಿಟ್ರೆ, ಕೆಲವು ಗಂಟೆ ಅದು ಮಲಗಿಬಿಡುತ್ತೆ. ಸುದ್ದಿನೇ ತಲೆಗೆ ಮುಟ್ಟಲ್ಲ. ನೀವು ಎಣಿಸೋದು ಬೇಡ, ಅದುಮೋದೂ ಬೇಡ. ಅದನ್ನ ನಮಗೆ ಬಿಡಿ. ನೀವು ಉಸಿರಾಡಿ, ಅಷ್ಟು ಸಾಕು."

"ಎಷ್ಟು ಜನಕ್ಕೆ ಹೀಗೆ ಮಾಡಿದ್ದೀರಿ?" ಹೆಂಡತಿ ಕೇಳಿದಳು. ತರಕಾರಿ ಕೊಳ್ಳುವಾಗಲೂ ಆಕೆಯ ದನಿ ಹೀಗೇ ಇರುತ್ತಿತ್ತು.

"ಹಿಂದಿನ ಆಸ್ಪತ್ರೇಲಿ ಹದಿನೇಳು. ಇಲ್ಲಿ ನಿಮ್ಮ ಯಜಮಾನ್ರೇ ಮೊದಲನೆಯವರು."

"ಹದಿನೇಳೂ ಸರಿಹೋಯ್ತಾ?"

"ಹದಿನೈದು. ಇಬ್ಬರಿಗೆ ಮಧ್ಯದಲ್ಲಿ ನಳಿಕೆ ಹಾಕಲೇಬೇಕಾಯ್ತು. ಅವರೂ ಮನೆಗೆ ಹೋದ್ರು, ಸ್ವಲ್ಪ ತಡವಾಗಿ." ವೈದ್ಯೆ ಮಾಸ್ಟರ ಕಡೆ ತಿರುಗಿದರು. "ನಿಮಗೂ ಹಾಗಾಗಬಹುದು. ಆಗಲ್ಲ ಅಂತ ಸುಳ್ಳು ಹೇಳಲ್ಲ. ಆದ್ರೆ ಒಂದು ಮಾತು. ನಳಿಕೆ ಹಾಕೋ ಹಾಗಾದ್ರೆ, ಅದನ್ನ ತೆಗೆಯೋವರೆಗೂ ನಾನು ನಿಮ್ಮ ಪಕ್ಕದಿಂದ ಏಳಲ್ಲ."

ಅವರು ಹೋದ ಮೇಲೆ ಹೆಂಡತಿ ಸ್ಟೂಲನ್ನು ಮಂಚದ ಹತ್ತಿರಕ್ಕೆ ಎಳೆದುಕೊಂಡು ಕೂತಳು. "ಹದಿನೇಳಕ್ಕೆ ಹದಿನೇಳೂ ಅಂದಿದ್ರೆ ನಾನು ನಂಬ್ತಿರಲಿಲ್ಲ ರೀ. ಎರಡು ಕೆಟ್ಟಿದ್ದನ್ನೂ ಹೇಳಿದ್ರಲ್ಲ, ಅದಕ್ಕೇ ನಂಬಿಕೆ ಬಂತು."

ಮಾಸ್ಟರು ಒಪ್ಪಿಗೆಯ ಕಾಗದ ತರಿಸಿ ರುಜು ಹಾಕಿದರು.

ಮರುದಿನ ಬೆಳಿಗ್ಗೆ ಎಂಟಕ್ಕೆ ಅವರನ್ನು ಆಪರೇಷನ್ ಕೋಣೆಗೆ ಒಯ್ದರು. ಒಳಗೆ ಕೊರೆಯುವ ಚಳಿ. ಬೆನ್ನಿಗೆ ಸೂಜಿ ಚುಚ್ಚಿದರು; ಹತ್ತು ನಿಮಿಷದಲ್ಲಿ ಬಲಪಕ್ಕೆ ಬೇರೆ ಯಾರದೋ ಎಂಬಂತಾಯಿತು. ಎಡ ಮಗ್ಗುಲಿಗೆ ಮಲಗಿಸಿ, ಬಲಗೈಯನ್ನು ತಲೆಯ ಮೇಲ್ಗಡೆಗೆ ಎತ್ತಿ ಕಟ್ಟಿ, ಕೆಳಗಿನ ಪಕ್ಕೆಗೆ ಒಂದು ಆಸರೆ ಕೊಟ್ಟರು. ಹಳೆಯ ಬೆಡ್‌ಶೀಟುಗಳನ್ನು ಸುರುಳಿ ಸುತ್ತಿ ಅಂಟುಪಟ್ಟಿ ಹಾಕಿದ ಗಂಟು ಅದು. ಮಾಸ್ಟರ ಪಕ್ಕೆಲುಬಿಗೆ ಅದರ ಒಂದೊಂದು ಮಡಿಕೆಯೂ ಗೊತ್ತಾಯಿತು.

"ಇದನ್ನ ಯಾರು ಮಾಡಿದ್ದು?" ಎಂದು ಮಾಸ್ಕಿನೊಳಗಿಂದಲೇ ಕೇಳಿದರು.

"ಯಾಕೆ, ಒತ್ತುತ್ತಾ?" ಎಂದರು ಸಿಸ್ಟರ್.

"ಒತ್ತೋದೇನು, ಕಲ್ಲಿನ ಮೇಲೆ ಮಲಗಿಸಿದ ಹಾಗಿದೆ."

ಕೋಣೆಯಲ್ಲಿದ್ದವರೆಲ್ಲ ನಕ್ಕರು. ಸಿಸ್ಟರ್ ಒಂದು ಟವೆಲ್ ಮಡಚಿ ನಡುವೆ ತುರುಕಿದರು. ಅರಿವಳಿಕೆ ವೈದ್ಯೆ ತಲೆಯ ಬಳಿ ಕೂತು, ಒಂದು ಕೈಯನ್ನು ಮಾಸ್ಟರ ಹಣೆಯ ಮೇಲಿಟ್ಟರು. ಔಷಧಿಯ ಜೋಂಪು ಹತ್ತಿತು. ಪೂರ್ತಿ ನಿದ್ದೆಯಲ್ಲ, ಊಟವಾದ ಮೇಲೆ ಅಂಗಡಿಯ ಹತ್ತಿಮೂಟೆಗೆ ಒರಗಿದಾಗ ಬರುವಂಥ ಮಂಪರು. ಮಾತುಗಳು ಕೇಳುತ್ತಿದ್ದವು.

"ಒಳಗೆ ಹೋಗ್ತಿದ್ದೀನಿ," ಎಂದರು ಸರ್ಜನ್.

ಎದೆಗೆ ತೂತು ಬಿದ್ದು ಗಾಳಿ ನುಗ್ಗಿದಾಗ ಅಂಗಡಿ ಮೆಟ್ಟಿಲ ಮೇಲಿನ ಆ ಮಂಗಳವಾರವೇ ಮತ್ತೆ ಬಂದಂತಾಯಿತು. ಎಳೆದಷ್ಟೂ ಉಸಿರು ಸಾಲದು. ಹಣೆಯ ಮೇಲಿನ ಕೈ ಸ್ವಲ್ಪ ಒತ್ತಿತು. "ಸಾಲ್ತಿಲ್ಲ ಅನ್ನಿಸುತ್ತೆ ಮಾಸ್ಟ್ರೇ. ಆದ್ರೆ ಸಾಲ್ತಿದೆ. ನಾನು ಇಲ್ಲಿ ನೋಡ್ತಾನೇ ಇದ್ದೀನಿ. ಮೇಲಿನ ಪಕ್ಕೆ ಈಗ ರಜ ತಗೊಂಡಿದೆ, ಕೆಳಗಿನದು ದುಡೀತಿದೆ. ನಿಧಾನ."

ಆಮೇಲೆ ಬಂತು ಆ ಕೆಮ್ಮು. ನರವನ್ನು ಕಾಣಬೇಕಾದರೆ ಶ್ವಾಸಕೋಶವನ್ನು ಒಂದಿಷ್ಟು ಬದಿಗೆ ಸರಿಸಬೇಕಿತ್ತು, ಸರ್ಜನ್ ಸರಿಸಿದರು. ಒಳಗೆ ಎಲ್ಲೋ ಆಳದಲ್ಲಿ ಯಾರೋ ಒಂದು ಎಳೆ ಹಿಡಿದು ಜಗ್ಗಿದಂತಾಗಿ ಮಾಸ್ಟರ ಮೈಯೆಲ್ಲ ಕುಲುಕಿತು. ಒಂದು, ಎರಡು, ಮೂರು. ಅಭ್ಯಾಸಬಲದಿಂದ ಅವರು ನಾಲಿಗೆ ಕಚ್ಚಿಕೊಂಡರು, ಎಣಿಸಲು ನೋಡಿದರು. ಐದಕ್ಕೆ ಮುಟ್ಟಲಿಲ್ಲ. ಇದು ಅವರಿಗೆ ಪರಿಚಯದ ಕೆಮ್ಮೇ ಅಲ್ಲ. ಇದಕ್ಕೆ ಗಂಟಲಿನ ಹಂಗೇ ಇರಲಿಲ್ಲ.

"ಕೈ ಹೊರಗೆ ತೆಗೆದಿದ್ದೀನಿ," ಎಂದರು ಸರ್ಜನ್. ಯಂತ್ರದ ಟಿಕ್ ಟಿಕ್ ಸದ್ದು ಕೆಳಗಿಳಿಯತೊಡಗಿತು. ರಕ್ತದಲ್ಲಿನ ಆಕ್ಸಿಜನ್ ಎಷ್ಟೆಂದು ಯಾರೋ ಓದಿ ಹೇಳುತ್ತಿದ್ದರು: ತೊಂಬತ್ತೊಂದು, ಎಂಬತ್ತೆಂಟು, ಎಂಬತ್ತಾರು. "ಹೀಗೇ ಇಳಿದ್ರೆ ಕಷ್ಟ. ನಳಿಕೆ ಹಾಕೋಣ್ವಾ?" ಸರ್ಜನ್ ಕೇಳಿದರು.

ಆ ಒಂದು ಶಬ್ದ ಮಂಪರನ್ನೆಲ್ಲ ಸೀಳಿಕೊಂಡು ಮಾಸ್ಟರ ಕಿವಿಗೆ ಬಿತ್ತು. ಕಟ್ಟದೆ ಬಿಟ್ಟಿದ್ದ ಎಡಗೈ ಹಾಸನ್ನು ಗಟ್ಟಿಯಾಗಿ ಹಿಡಿದುಕೊಂಡಿತು. ವೈದ್ಯೆ ಅದನ್ನು ನೋಡಿದರು.

"ಎರಡು ನಿಮಿಷ ಕೊಡಿ," ಎಂದರು. ಅವರ ದನಿ ಏರಲಿಲ್ಲ. "ನರ ಕಂಡಿತ್ತಾ?"

"ಕಂಡಿತ್ತು. ಉಸಿರುನಾಳದ ಪಕ್ಕ, ಬಿಳೀ ದಾರದ ಹಾಗೆ."

"ಸೂಜಿ ತಯಾರಾಗಿಟ್ಕೊಳ್ಳಿ. ಎರಡು ಕೆಮ್ಮಿನ ಮಧ್ಯೆ ಸ್ವಲ್ಪ ಜಾಗ ಸಿಗುತ್ತೆ. ನಾನು ಹೇಳಿದಾಗ ಹೋಗಿ. ನರಕ್ಕೆ ಚುಚ್ಚಬೇಡಿ, ಬದಿಗೆ ಬಿಡಿ." ಅವರು ಆಕ್ಸಿಜನ್ ಹೆಚ್ಚಿಸಿ, ಜೋಂಪಿನ ಔಷಧಿ ಒಂದಿಷ್ಟು ಕೂಡಿಸಿ, ಮಾಸ್ಟರ ಕಿವಿಯ ಹತ್ತಿರ ಬಾಗಿದರು. "ಅದುಮಬೇಡಿ ಮಾಸ್ಟ್ರೇ. ಬಂದಿದ್ದು ಬರಲಿ. ನನ್ನ ಜೊತೆ ಸಣ್ಣ ಸಣ್ಣ ಉಸಿರು. ಒಳಗೆ. ಹೊರಗೆ. ಒಳಗೆ. ಹೊರಗೆ."

ಜೀವಮಾನದಲ್ಲಿ ಮೊದಲ ಸಲ ಕೆಮ್ಮಲು ಪರವಾನಗಿ ಸಿಕ್ಕಿತ್ತು. ಮಾಸ್ಟರು ನಾಲಿಗೆ ಬಿಟ್ಟರು, ಎಣಿಕೆ ಬಿಟ್ಟರು, ಆ ದನಿಯ ಹಿಂದೆ ಹೋದರು. ಒಳಗೆ. ಹೊರಗೆ. ಎರಡು ಕೆಮ್ಮು ಬಂದವು. ತೊಂಬತ್ತು, ಎಂದರು ಯಾರೋ. ತೊಂಬತ್ತಮೂರು.

"ಈಗ," ಎಂದರು ವೈದ್ಯೆ.

ಸೂಜಿ ಒಳಗೆ ಇಳಿಯಿತು. "ಬಿಟ್ಟಾಯ್ತು," ಎಂದು ಸರ್ಜನ್ ದನಿ. ನಾಡಿ ಒಂದಿಷ್ಟು ನಿಧಾನವಾಗಿ ಮತ್ತೆ ತನ್ನ ಲಯಕ್ಕೆ ಬಂತು. ಮೂರು ನಿಮಿಷ ಕಾದರು. ಸರ್ಜನ್ ಶ್ವಾಸಕೋಶವನ್ನು ಮೆಲ್ಲಗೆ ಮುಟ್ಟಿದರು, ಸರಿಸಿದರು, ಹಿಡಿದೆತ್ತಿದರು. ಮಾಸ್ಟರು ಕೆಮ್ಮಿಗಾಗಿ ಕಾದರು. ಅದು ಬರಲಿಲ್ಲ. ಇನ್ನೂ ಕಾದರು. ಇಲ್ಲ.

ಹಿಂಬದಿಯ ಕೋಣೆಯಲ್ಲಿ ದಿನವಿಡೀ ತಿರುಗುವ ಯಂತ್ರವನ್ನು ಯಾರೋ ಥಟ್ಟನೆ ಆರಿಸಿದಾಗ, ಇಷ್ಟು ಹೊತ್ತು ಎಂಥ ಗದ್ದಲದಲ್ಲಿದ್ದೆವು ಎಂದು ಆಗಷ್ಟೇ ತಿಳಿಯುತ್ತದಲ್ಲ, ಮಾಸ್ಟರಿಗೆ ಹಾಗಾಯಿತು. ಎಷ್ಟೋ ವರ್ಷಗಳಿಂದ ಗಂಟಲ ಬಾಗಿಲಲ್ಲಿ ಕಾವಲು ನಿಂತು ನಿಂತು ಅವರು ದಣಿದಿದ್ದರು. ಆ ದಣಿವು ಅವರಿಗೂ ಗೊತ್ತಿರಲಿಲ್ಲ. ಈಗ ಕಾಯಲು ಏನೂ ಇರಲಿಲ್ಲ. ಕಣ್ಣ ತುದಿಯಿಂದ ನೀರು ಇಳಿದು ಮೂಗಿನ ಏಣು ದಾಟಿ ದಿಂಬಿಗೆ ಬಿತ್ತು.

"ನೋವಾಯ್ತಾ?" ವೈದ್ಯೆ ಗಾಬರಿಯಿಂದ ಕೇಳಿದರು.

"ಇಲ್ಲ," ಎಂದರು ಮಾಸ್ಟರು. "ಹಾಯಾಗಿದೆ."

ವೈದ್ಯೆ ಹತ್ತಿಯ ಉಂಡೆಯಿಂದ ಅವರ ಕಣ್ಣೊರೆಸಿ, ಮಾತಿಗೆ ಎಳೆದರು. ಒಳ್ಳೆಯ ಹಾಸಿಗೆ ಎಂದರೆ ಹೇಗಿರಬೇಕು? ಮಾಸ್ಟರು ಮಂಪರಿನಲ್ಲೇ ವಿವರಿಸತೊಡಗಿದರು: ಹತ್ತಿ ಎಷ್ಟು ಹಿಂಜಬೇಕು, ನಡುವಿಗೆ ಎಷ್ಟು, ಅಂಚಿಗೆ ಎಷ್ಟು, ದಬ್ಬಳದ ಹೊಲಿಗೆಗೆ ಗೇಣಿಗೊಂದು ಗಂಟು ಯಾಕೆ ಬೇಕು. ಸ್ಪಂಜಿನ ಹಾಸಿಗೆಯವರನ್ನು ಬೈಯುವ ಘಟ್ಟಕ್ಕೆ ಬಂದಾಗ ಕೈಯನ್ನೂ ಆಡಿಸಹೋದರು.

"ಮಾಸ್ಟ್ರೇ, ಹಾಸಿಗೆ ಆಮೇಲೆ ಹೊಲಿಯಿರಿ," ಎಂದರು ಸರ್ಜನ್. "ಈಗ ನಾನು ಹೊಲೀತಿದ್ದೀನಿ."

ನಲವತ್ತು ನಿಮಿಷದಲ್ಲಿ ಗುಳ್ಳೆಯ ಜಾಗ ಕತ್ತರಿಸಿ, ಪಿನ್ ಹೊಡೆದು, ಮುಚ್ಚಿಯಾಗಿತ್ತು. ನಳಿಕೆ ಅದರ ಪೊಟ್ಟಣದಲ್ಲೇ ಉಳಿಯಿತು.

ಹೊರಗೆ ತಂದಾಗ ಹೆಂಡತಿ ಓಡಿ ಬಂದಳು. ಗಂಡನ ಬಾಯಲ್ಲಿ ನಳಿಕೆ ಇಲ್ಲದ್ದನ್ನು ನೋಡಿ ಅಲ್ಲೇ ಗೋಡೆಗೆ ಆತುಕೊಂಡಳು. ಆದರೆ ಮಾಸ್ಟರು ಬಾಯಿ ತೆರೆದರೆ ದನಿ ಹೊರಡಲಿಲ್ಲ. ಒಣ ಎಲೆಯ ಸದ್ದಿನಂಥ ಪಿಸುಮಾತು. ಮಗಳು ವೈದ್ಯೆಯ ಕಡೆ ತಿರುಗಿದಳು. "ಅಪ್ಪನ ಗಂಟಲಿಗೆ ಏನಾಯ್ತು?"

"ಔಷಧಿ ದನಿಯ ನರಕ್ಕೂ ಸ್ವಲ್ಪ ಹರಿದಿದೆ. ಸಂಜೆಗೆ ಸರಿಹೋಗುತ್ತೆ," ಎಂದರು ವೈದ್ಯೆ. "ಈಗ ಒಂದು ಮುಖ್ಯ ಮಾತು. ಕೆಮ್ಮು ವಾಪಸ್ ಬರೋವರೆಗೆ ಒಂದು ತೊಟ್ಟು ನೀರೂ ಕೊಡಬೇಡಿ. ನೀರು ತಪ್ಪು ದಾರಿಗೆ ಹೋದ್ರೆ ತಡೆಯೋದು ಕೆಮ್ಮೇ. ಅದೀಗ ಮಲಗಿದೆ. ಅದು ಎದ್ದು ಕಫ ಹೊರಗೆ ಹಾಕಬೇಕು, ಶ್ವಾಸಕೋಶ ಅರಳಬೇಕು. ಕೆಮ್ಮಿದ ತಕ್ಷಣ ನನಗೆ ಹೇಳಿ ಕಳಿಸಿ."

ಹೀಗೆ, ಇಪ್ಪತ್ತು ವರ್ಷದಿಂದ "ಸಾಕು ಮಾಡ್ರೀ ನಿಮ್ಮ ಕೆಮ್ಮು" ಎಂದು ಗೊಣಗಿದ್ದ ಹೆಂಗಸು ಗಂಡನ ಮುಂದೆ ಕೂತು ಕೆಮ್ಮಿಗಾಗಿ ಕಾಯತೊಡಗಿದಳು. ಒಂದು ಗಂಟೆಯಾಯಿತು. ಎರಡಾಯಿತು. ಮಾಸ್ಟರು ಶಾಂತವಾಗಿ ಚಾವಣಿ ನೋಡುತ್ತ ಮಲಗಿದ್ದರು.

"ಏನಾದ್ರೂ ಬರೋ ಹಾಗಿದೆಯಾ?"

ತಲೆಯಾಡಿಸಿದರು. ಇಲ್ಲ.

"ಒಂದ್ಸಲ ಪ್ರಯತ್ನ ಮಾಡಿ ನೋಡ್ರೀ. ಬೇಡ ಅಂದಾಗೆಲ್ಲ ಬೀದಿಗೆ ಕೇಳೋ ಹಾಗೆ ಕೆಮ್ತಿದ್ರಿ. ಈಗ ಬೇಕು ಅಂದ್ರೆ ಬಿಂಕ."

ಮಾಸ್ಟರ ಭುಜ ನಗುವಿನಿಂದ ಅಲುಗಿತು. ಮೂರನೆಯ ಗಂಟೆ ದಾಟಿತು. ಮಗಳು ಕಾರಿಡಾರಿನಲ್ಲಿ ಮೂರು ಸಲ ಅಡ್ಡಾಡಿ ಬಂದಳು. ಹೆಂಡತಿಯ ತಮಾಷೆ ಕರಗಿತ್ತು; ಆಕೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿ ಮಾಡುತ್ತಿದ್ದಳು. ನಾಲ್ಕನೆಯ ಗಂಟೆ ತುಂಬಲು ಹತ್ತು ನಿಮಿಷವಿದ್ದಾಗ ಮಾಸ್ಟರ ಹುಬ್ಬು ಗಂಟಿಕ್ಕಿತು. ಎದೆ ಒಮ್ಮೆ ಉಬ್ಬಿತು. ಕ್ಹು, ಎಂದಿತು. ಬೆಕ್ಕಿನ ಮರಿ ಸೀನಿದಂತೆ. ಅದರ ಬೆನ್ನಿಗೆ ಇನ್ನೊಂದು, ಆಮೇಲೆ ಮನೆಯವರೆಲ್ಲರಿಗೂ ಪರಿಚಯವಿದ್ದ ಆ ಹಳೆಯ, ಒರಟು, ಉದ್ದನೆಯ ಕೆಮ್ಮು.

"ಸಿಸ್ಟರ್! ಕೆಮ್ಮಿದ್ರು!" ಹೆಂಡತಿ ಕೂಗಿದ್ದು ಇಡೀ ವಾರ್ಡಿಗೆ ಕೇಳಿತು. ಪಕ್ಕದ ಮಂಚದ ಮುದುಕ ಎದ್ದು ಕೂತ. ಓಡಿ ಬಂದ ಸಿಸ್ಟರ್ ಮಾಸ್ಟರ ಪಕ್ಕೆಗೆ ದಿಂಬು ಒತ್ತಿ ಹಿಡಿದು, "ಕೆಮ್ಮಿ, ಇನ್ನೂ ಕೆಮ್ಮಿ, ಭೇಷ್," ಎನ್ನುತ್ತಿದ್ದರು. ಅವರ ಕೆಮ್ಮಿಗೆ ಯಾರಾದರೂ ಭೇಷ್ ಎಂದದ್ದು ಅದೇ ಮೊದಲು. ವೈದ್ಯೆ ಬಂದು ಎದೆಗೆ ಸ್ಟೆತಸ್ಕೋಪಿಟ್ಟು ಕೇಳಿ, ಒಂದು ಚಮಚ ನೀರು ಕುಡಿಸಿ ನೋಡಿ, ತಲೆದೂಗಿ ಹೋದರು. ಅವರ ಹೆಗಲು ಇಳಿದಿದ್ದನ್ನು, ಅಷ್ಟು ಹೊತ್ತು ಅವರೂ ಕಾಯುತ್ತಿದ್ದರೆಂಬುದನ್ನು ಮಗಳೊಬ್ಬಳೇ ಗಮನಿಸಿದಳು.

ಬಾಟಲಿಯಲ್ಲಿ ಗುಳ್ಳೆ ಮರುದಿನವೇ ನಿಂತಿತು. ಮೂರನೆಯ ದಿನ ಕೊಳವೆ ತೆಗೆದರು. ಅದೇ ದಿನ ಮಾಸ್ಟರು ಮಗಳಿಂದ ರೆಕ್ಸಿನ್ ಬಟ್ಟೆ, ಸ್ಪಂಜು, ದಬ್ಬಳ, ದಾರ ತರಿಸಿಕೊಂಡರು. ಮಂಚದ ಮೇಲೆ ಹೊಲಿಯಕೂತ ರೋಗಿಯನ್ನು ನೋಡಿ ಸಿಸ್ಟರ್ ಬೈದರು. ಆಪರೇಷನ್ ಕೋಣೆಗೆ ಪಕ್ಕೆಯಾಸರೆ ಎಂದು ತಿಳಿದ ಮೇಲೆ ತಾವೇ ಟೇಪು ಹಿಡಿದು ಅಳತೆ ತಂದುಕೊಟ್ಟರು. ಹತ್ತಿಯಾದರೆ ತೊಳೆಯಲು ಬಾರದು. ಅದಕ್ಕೇ ತಾವು ಬೈದಿದ್ದ ಸ್ಪಂಜನ್ನೇ ತುಂಬಿದರು. ಬಿಡುಗಡೆಯ ದಿನ ಎರಡು ಆಸರೆಗಳನ್ನು ಒಪ್ಪಿಸಿ, ಎಲ್ಲರಿಗೂ ಕೈಮುಗಿದರು. ಸರ್ಜನ್ ಬೆನ್ನು ತಟ್ಟಿದರು. ಅರಿವಳಿಕೆ ವೈದ್ಯೆ ಮಾತ್ರ ಸಿಗಲಿಲ್ಲ. ಒಳಗೆ ಬೇರೆ ಆಪರೇಷನ್ನಿನಲ್ಲಿದ್ದರು.

ಇದು ಮಾಸ್ಟರ ಮನಸ್ಸಿನಲ್ಲಿ ಮುಳ್ಳಿನಂತೆ ಉಳಿಯಿತು. ಮನೆಗೆ ಬಂದವರೆಲ್ಲ ಸರ್ಜನ್ನರ ಕೈಗುಣ ಹೊಗಳುತ್ತಿದ್ದರು. "ಅವರದೂ ಹೌದು," ಎನ್ನುತ್ತಿದ್ದರು ಮಾಸ್ಟರು, "ಆದ್ರೆ ತಲೆ ಹತ್ತಿರ ಒಬ್ಬರು ಕೂತಿದ್ರು." ಹೇಳಬೇಕಾದ ಮಾತುಗಳನ್ನು ಹೆಂಡತಿಯ ಮುಂದೆ ಒಪ್ಪಿಸಿ ಒಪ್ಪಿಸಿ ಅಭ್ಯಾಸ ಮಾಡಿದರು. ಆರು ವಾರದ ತಪಾಸಣೆಗೆ ಹೋದಾಗ, ಸರ್ಜನ್ ನೋಡಿ ಕಳಿಸಿದ ಮೇಲೂ ಅವರು ಮನೆಗೆ ಹೊರಡಲಿಲ್ಲ. ಆಪರೇಷನ್ ಕೋಣೆಗಳ ಹೊರಗಿನ ಬೆಂಚಿನ ಮೇಲೆ ಹೋಗಿ ಕೂತರು. ಹನ್ನೊಂದು ಗಂಟೆಗೆ ಕೂತವರು ಮೂರಾದರೂ ಏಳಲಿಲ್ಲ. ಹೆಂಡತಿ ತಂದಿದ್ದ ಬಾಳೆಹಣ್ಣು ಮುಗಿದವು, ಗೊಣಗಾಟವೂ ಮುಗಿಯಿತು.

ಮೂರೂಕಾಲಿಗೆ ಬಾಗಿಲು ತಳ್ಳಿಕೊಂಡು ವೈದ್ಯೆ ಹೊರಬಂದರು. ಮಾಸ್ಕಿನ ಗುರುತು ಕೆನ್ನೆಯ ಮೇಲಿನ್ನೂ ಇತ್ತು. ಎದ್ದು ನಿಂತ ಮಾಸ್ಟರನ್ನು ಕಂಡದ್ದೇ ಅವರ ಮುಖ ಬಿಳಿಚಿಕೊಂಡಿತು. ದಾಪುಗಾಲಿಟ್ಟು ಬಂದವರು ಮಣಿಕಟ್ಟು ಹಿಡಿದು ನಾಡಿಯನ್ನೇ ನೋಡತೊಡಗಿದರು.

"ಏನಾಯ್ತು ಮಾಸ್ಟ್ರೇ? ಉಸಿರು ಹಿಡೀತಾ? ದನಿ ಸರಿಯಾಗಲಿಲ್ವಾ?"

ಆರು ವಾರ ಉರುಹೊಡೆದ 'ನಿಮ್ಮ ಉಪಕಾರ' ಎಂದು ಶುರುವಾಗುವ ಆ ಮಾತುಗಳೆಲ್ಲ ಮಾಸ್ಟರಿಗೆ ಆ ಹೊತ್ತಿಗೆ ಮರೆತೇಹೋದವು.

"ಏನೂ ಆಗಿಲ್ಲ ಡಾಕ್ಟ್ರೇ," ಎಂದರು. "ಅದನ್ನ ಹೇಳೋಕೇ ಬಂದಿದ್ದು."

ವೈದ್ಯೆಗೆ ಕೂಡಲೇ ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಅವರು ಬೆಂಚಿನ ಮೇಲೆ ಕುಸಿದು ಕೂತು, ಕನ್ನಡಕ ತೆಗೆದು ಒರೆಸಿದರು. ಒರೆಸಲು ಅದರಲ್ಲೇನೂ ಕೊಳೆಯಿರಲಿಲ್ಲ. "ಈ ಬಾಗಿಲಲ್ಲಿ ನನಗಾಗಿ ಯಾರಾದ್ರೂ ಕಾಯ್ತಿದ್ದಾರೆ ಅಂದ್ರೆ, ಏನೋ ಕೆಟ್ಟಿದೆ ಅಂತಾನೇ ಲೆಕ್ಕ. ಇಪ್ಪತ್ತಾರು ವರ್ಷದಲ್ಲಿ ಹೀಗೆ ಸುಮ್ನೆ ಬಂದು ಕೂತವರು ನೀವೇ ಇರಬೇಕು."

"ಸುಮ್ನೆ ಅಲ್ಲ ಮೇಡಂ, ಹನ್ನೊಂದು ಗಂಟೆಯಿಂದ," ಎಂದಳು ಹೆಂಡತಿ. ಆಮೇಲೆ ದನಿ ತಗ್ಗಿಸಿ, ಅವರ ಎರಡೂ ಕೈಗಳನ್ನು ಹಿಡಿದುಕೊಂಡಳು. "ಆರು ವರ್ಷದ ಹಿಂದೆ ಇವರು ನನ್ನ ಅಂಗೈ ಮೇಲೆ ಮನೆ ಅಂತ ಬರೀತಿದ್ರು. ಈ ಸಲ ಬಾಯಿಂದಲೇ ಕೇಳಿದ್ರು, ಮನೆಗೆ ಯಾವಾಗ ಅಂತ. ನಿಮ್ಮ ಹೊಟ್ಟೆ ತಣ್ಣಗಿರಲಿ ತಾಯಿ."

ವೈದ್ಯೆ ಕೈ ಬಿಡಿಸಿಕೊಳ್ಳಲಿಲ್ಲ. ಹತ್ತಿ ಹಿಂಜುವುದನ್ನು ಬಿಟ್ಟಿರೋ ಇಲ್ಲವೋ ಎಂದು ವಿಚಾರಿಸಿದರು. ಮಗಳು ಯಂತ್ರದ ಸುತ್ತ ಗಾಜಿನ ಗೂಡು ಕಟ್ಟಿಸಿ, ಧೂಳನ್ನು ಹೊರಗೆಳೆಯುವ ಫ್ಯಾನು ಹಾಕಿಸಿ, ಅಪ್ಪ ಆ ಕೋಣೆಯ ಹೊಸ್ತಿಲು ದಾಟಕೂಡದೆಂದು ಕಟ್ಟಪ್ಪಣೆ ಮಾಡಿದ್ದಾಳೆ ಎಂದು ಮಾಸ್ಟರು ಹೇಳಿದರು. ಕೆಮ್ಮು ಇದೆ, ಆದರೆ ಮೊದಲಿನ ಅರ್ಧದಷ್ಟು. "ಪಕ್ಕೆಯಾಸರೆ ಚೆನ್ನಾಗಿದೆ," ಎಂದರು ವೈದ್ಯೆ. "ನಿಮ್ಮ ನಂತರ ನಾಲ್ಕು ಜನಕ್ಕೆ ಹೀಗೇ ಮಾಡಿದ್ವಿ. ನಾಲ್ವರಿಗೂ ನಳಿಕೆ ಬೇಕಾಗಲಿಲ್ಲ."

ಅಷ್ಟರಲ್ಲಿ ಒಳಗಿನಿಂದ ಸಿಸ್ಟರ್ ಕರೆದರು. ಮುಂದಿನ ರೋಗಿಯನ್ನು ಮೇಜಿನ ಮೇಲೆ ಮಲಗಿಸಿಯಾಗಿತ್ತು. ವೈದ್ಯೆ ಎದ್ದು, ಮಾಸ್ಟರ ಹಣೆಯ ಮೇಲೆ ಕ್ಷಣ ಕೈಯಿಟ್ಟು, ಮಾಸ್ಕು ಏರಿಸಿಕೊಂಡು ಒಳಗೆ ಹೋದರು.

ಬಸ್ಸು ಹತ್ತಿ ಕೂತ ಮೇಲೆ ಮಾಸ್ಟರು ಚಡಪಡಿಸಿದರು. "ಹೇಳಬೇಕಂತಿದ್ದಿದ್ದನ್ನ ಅರ್ಧವೂ ಹೇಳಲಿಲ್ಲ ಕಣೇ."

"ಏನು ಹೇಳಬೇಕಂತಿತ್ತು?" ಎಂದಳು ಹೆಂಡತಿ. ಆ ಮಾತುಗಳನ್ನು ಆಕೆ ಹತ್ತಾರು ಸಲ ಕೇಳಿ ಬಾಯಿಪಾಠ ಮಾಡಿದ್ದಳು. ಆದರೂ ಮನೆಯ ನಿಲ್ದಾಣ ಬರುವವರೆಗೆ, ಗಂಡ ಮೊದಲಿನಿಂದ ಹೇಳುತ್ತ ಹೋದದ್ದನ್ನೆಲ್ಲ ಒಂದು ಕಡೆಯೂ ಅಡ್ಡ ಬಾಯಿ ಹಾಕದೆ ಕೇಳಿದಳು.